ರಘುವಿಗೆ ಒಂದು ಎಲೆ

ಕಳೆದ ಭಾನುವಾರ ಮಣಿಪಾಲದಲ್ಲಿ ಓದುಗರ ಕೂಟವೊಂದಕ್ಕೆ ಹೋಗಿದ್ದೆ. ಹೋಗಿದ್ದೆ ಅನ್ನುವುದಕ್ಕಿಂತ, ನಮ್ಮ ಶಾಲೆಯ ಕನ್ನಡ ಟೀಚರ್ ವಿನಯಾ ಕಾರ್ಕಳದಲ್ಲಿ ನನ್ನನ್ನು ಬಸ್ಸಿಗೆ ಹತ್ತಿಸಿ ಅಲ್ಲಿ ಇಳಿಸಿದಳು ಅನ್ನುವುದೇ ಸರಿ. ಪ್ರಾಯಕ್ಕೆ ಬಂದ ಮಗನನ್ನು ಕಳೆದುಕೊಂಡ ತಂದೆತಾಯಿಯ ಬಗ್ಗೆ ಇರುವ ಒಂದು ಕಾದಂಬರಿಯನ್ನು ಎಲ್ಲರೂ ಓದಿಕೊಂಡು ಬಂದಿದ್ದರು. ಒಬ್ಬೊಬ್ಬರಾಗಿ ಎದ್ದು ತಮ್ಮ ಪ್ರತಿಕ್ರಿಯೆ ಹೇಳಬೇಕು. ಚೆನ್ನಾಗಿಯೇ ಹೇಳಿದರು. ಒಬ್ಬ ಪ್ರೊಫೆಸರರು ದುಃಖಕ್ಕೂ ಮೌನಕ್ಕೂ ಇರುವ ಸಂಬಂಧವನ್ನು ವಿವರಿಸಿದರು. ಒಬ್ಬ ಹೆಂಗಸು ತಾನು ಎಲ್ಲೆಲ್ಲಿ ಅತ್ತೆ ಎಂದು ಪುಟಗಳ ಮೂಲೆ ಮಡಚಿಕೊಂಡೇ ಬಂದಿದ್ದರು. ನನ್ನ ಸರದಿ ಬಂದಾಗ ನಾನು, "ಒಳ್ಳೆಯ ಪುಸ್ತಕ. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಅಡುಗೆ ಮಾಡಿದೆವು" ಎಂದು ಹೇಳಿ ಕುಳಿತೆ. ನಾಲ್ಕು ಜನ ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ವಿನಯಾ ಬೈದದ್ದೇ ಬೈದದ್ದು. "ಎಂತ ಮಾರಾಯ್ತಿ ನೀನು! ಆ ಆಟಿ ತಿಂಗಳ ಕತೆ ಹೇಳ್ತೀ ಅಂತ ಅಲ್ವಾ ನಿನ್ನನ್ನು ಕರ್ಕೊಂಡು ಹೋದದ್ದು? ಅಲ್ಲಿದ್ದವರಲ್ಲಿ ಯಾರ ಹತ್ತಿರ ಉಂಟು ಅಂಥ ಕತೆ?"

ಆ ಜನರ ಮುಂದೆ ಹೇಳಲು ನನ್ನಿಂದ ಆಗಲಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿದವರು ಒಂದೋ ನಗುತ್ತಾರೆ, ಇಲ್ಲವೋ ಅಯ್ಯೋ ಪಾಪ ಎನ್ನುತ್ತಾರೆ. ಎರಡೂ ನನಗೆ ಆಗುವುದಿಲ್ಲ. ಆದರೆ ಮನೆ ಮುಟ್ಟುವಾಗ ಕೆಳಗಿನ ಮನೆಯವರು ಒಣ ಸಿಗಡಿ ಹುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಮೂರು ವರ್ಷದ ಹಿಂದಿನ ಆ ಮಳೆಗಾಲ ಇಡೀ ಎದ್ದು ಬಂತು. ಹೇಳಲಾಗದ್ದನ್ನು ಬರೆಯಬಹುದಲ್ಲ ಎಂದು ಕುಳಿತಿದ್ದೇನೆ.

ನಾನು ಗಣಿತದ ಟೀಚರ್. ಕಾದಂಬರಿ ಓದುವವಳಲ್ಲ. ಓದಿಸಿದ್ದು ನನ್ನ ಕಾಲು. ಆ ವರ್ಷ ಮಳೆ ಶುರುವಾಗಿ ಅಂಗಳವೆಲ್ಲ ಹಾವಸೆ ಕಟ್ಟಿತ್ತು. ಬಟ್ಟೆ ತೆಗೆಯಲು ಓಡಿದವಳು ಮೆಟ್ಟಿಲಲ್ಲಿ ಜಾರಿ ಬಿದ್ದೆ. ಪಾದದ ಗಂಟಿನ ಹತ್ತಿರ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿ ಕಾಲು ನೆಲಕ್ಕೆ ಊರಬಾರದು ಅಂದರು. ಗಂಡ ಕೆಲಸಕ್ಕೆ ಹೋದ ಮೇಲೆ ನನಗೆ ಒಂದು ಲೋಟ ನೀರು ಕೊಡುವವರಿಲ್ಲ. ಹಾಗಾಗಿ ಅವರು ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ಕಾಪುವಿನಲ್ಲಿರುವ ಅಮ್ಮನ ಮನೆಗೆ ತಂದು ಬಿಟ್ಟರು. ಅಮ್ಮ ಬಾಗಿಲಲ್ಲೇ ನಿಂತು, "ಹೊಸ ಮದುಮಗಳು ಆಟಿ ಕುಳಿತುಕೊಳ್ಳಲಿಕ್ಕೆ ತಾಯಿ ಮನೆಗೆ ಬಂದ ಹಾಗೆ ಬಂದಳು ನೋಡು, ತಲೆ ಹಣ್ಣಾದ ಮೇಲೆ" ಎಂದು ಸ್ವಾಗತಿಸಿದಳು.

ಅಮ್ಮ ಹೇಳಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದೆ ಎಂದು ತಿಳಿದುಕೊಳ್ಳಿ. ಆಕೆ ಬದುಕಿಡೀ ಮೀನು ಮಾರಿದವಳು. ಬೆಳಕು ಹರಿಯುವ ಮೊದಲೇ ಮಲ್ಪೆಯ ಏಲಂನಲ್ಲಿ ಹರಾಜು ಕೂಗಿ ಮೀನು ಹಿಡಿದು, ಬುಟ್ಟಿ ಹೊತ್ತು ಶಿರ್ವದ ಮನೆ ಮನೆ ತಿರುಗಿ ನಮ್ಮನ್ನು ಸಾಕಿದಳು. ಮಂಡಿ ನೋವು ಬಂದ ಮೇಲೆ ಬುಟ್ಟಿ ಇಳಿಸಿದ್ದಾಳೆ. ಸ್ವರ ಮಾತ್ರ ಏಲಂನ ಸ್ವರವೇ. ಶಾಲೆಗೆ ಹೋದವಳಲ್ಲ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

ನನ್ನ ತಮ್ಮನ ಹೆಸರು ದಿನೇಶ. ಅಮ್ಮನ ತಮ್ಮ, ನನ್ನ ಮಾಮ, ಮಲ್ಪೆಯ ಒಂದು ಟ್ರಾಲ್ ಬೋಟಿನ ತಂಡೇಲ ಆಗಿದ್ದರು. ಬೋಟು ನಡೆಸುವವನಿಗೆ ನಮ್ಮಲ್ಲಿ ತಂಡೇಲ ಅನ್ನುತ್ತಾರೆ. ದಿನೇಶ ಅವರ ಬೋಟಿನಲ್ಲೇ ಕೆಲಸಕ್ಕಿದ್ದ. ನನ್ನ ಕಾಲು ಮುರಿಯುವ ಕೆಲವು ವರ್ಷ ಮೊದಲು, ಒಂದು ಚಳಿಗಾಲ ಉತ್ತರಕ್ಕೆ, ಆಳಸಮುದ್ರಕ್ಕೆ ಹೋಗಿದ್ದರು. ಬೆಳಗ್ಗೆ ಬಲೆ ಎಳೆಯಲು ಎಲ್ಲರೂ ಎದ್ದರೆ ದಿನೇಶ ಬೋಟಿನಲ್ಲಿ ಇಲ್ಲ. ಬಿದ್ದದ್ದನ್ನು ನೋಡಿದವರಿಲ್ಲ, ಕೂಗಿದ್ದನ್ನು ಕೇಳಿದವರಿಲ್ಲ. ಮಾಮ ಡೀಸೆಲ್ ಇರುವವರೆಗೆ ಬಂದ ದಾರಿಯಲ್ಲೇ ಸುತ್ತಿದರು. ಬೇರೆ ಬೋಟಿನವರೂ ಹುಡುಕಿದರು. ಸಿಗಲಿಲ್ಲ. ಮಾಮ ಉಳಿದ ಹುಡುಗರನ್ನು ಮಲ್ಪೆಗೆ ತಂದು ಮುಟ್ಟಿಸಿ ಬೋಟಿನಿಂದ ಇಳಿದವರು ಮತ್ತೆ ಹತ್ತಲಿಲ್ಲ. ಈಗ ಅವರಿವರ ಬಲೆ ರಿಪೇರಿ ಮಾಡಿಕೊಂಡಿದ್ದಾರೆ.

ಆಗ ಪೊಲೀಸ್ ಸ್ಟೇಷನ್ನು, ಆಫೀಸು ಎಂದು ತಿರುಗಿದವಳು ನಾನು. ಅಳಲಿಲ್ಲ. ಯಾರಾದರೂ ಒಬ್ಬರು ಓಡಾಡಬೇಕಲ್ಲ.

ಅಮ್ಮನೂ ಅಳಲಿಲ್ಲ. ಅವಳದ್ದು ಬೇರೆ ಕಾರಣ. ದಿನೇಶ ಸತ್ತಿದ್ದಾನೆ ಎಂದು ಅವಳು ಒಪ್ಪಲೇ ಇಲ್ಲ. ಯಾವುದೋ ಬೋಟಿನವರು ಎತ್ತಿಕೊಂಡಿರಬಹುದು, ಯಾವುದೋ ಊರಿನ ಆಸ್ಪತ್ರೆಯಲ್ಲಿ ನೆನಪು ತಪ್ಪಿ ಇರಬಹುದು. ಜೋಯಿಸರ ಹತ್ತಿರ ಪ್ರಶ್ನೆ ಇಟ್ಟಾಗ ಅವರು, ಹುಡುಗ ಇಲ್ಲ, ಕ್ರಿಯೆ ಮಾಡಿ ಅಂದರು. ಅಮ್ಮ ಎದ್ದು ಸೆರಗು ಕೊಡವಿ, "ಇವರು ಸಮುದ್ರಕ್ಕೆ ಇಳಿದು ನೋಡಿ ಬಂದರಾ?" ಎಂದು ಹೊರಟೇ ಬಂದಳು. ದಿನೇಶನ ಮೊಬೈಲ್ ಅವನೊಂದಿಗೇ ಹೋಗಿತ್ತು. ಆ ನಂಬರಿಗೆ ರೀಚಾರ್ಜ್ ಮಾಡಿಸುತ್ತಲೇ ಇರಬೇಕು ಎಂದು ನನಗೆ ಅಪ್ಪಣೆಯಾಗಿತ್ತು. ಬಿಟ್ಟರೆ ಕಂಪೆನಿಯವರು ನಂಬರನ್ನು ಬೇರೆ ಯಾರಿಗೋ ಕೊಡುತ್ತಾರೆ, ನಾಳೆ ಅವನು ಬಂದರೆ ಎಂತ ಹೇಳುವುದು? ನಾನು ಮಾಡುತ್ತಿದ್ದೆ. ವಾದ ಮಾಡಿ ಅಮ್ಮನನ್ನು ಗೆದ್ದವರು ಇಲ್ಲ.

ಆದರೆ ಪ್ರತಿ ಆಟಿಯಲ್ಲೂ ಇದೇ ವಿಷಯಕ್ಕೆ ಮನೆಯಲ್ಲಿ ಮುಖ ಸಿಂಡರಿಸಿಕೊಳ್ಳುವುದು ಆಗುತ್ತಿತ್ತು. ಆಟಿ ಅಂದರೆ ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗಿನ ತಿಂಗಳು. ಮಳೆ ಬಿಡುವುದಿಲ್ಲ, ಬೋಟುಗಳು ಕಟ್ಟಿ ಹಾಕಿರುತ್ತವೆ, ಶುಭ ಕಾರ್ಯ ಏನೂ ಇಲ್ಲ. ಆ ತಿಂಗಳಲ್ಲಿ ಒಂದು ದಿನ ಸತ್ತವರಿಗೆ ಬಡಿಸುವುದು ನಮ್ಮ ಕ್ರಮ. ಅದಕ್ಕೆ ಅಗೆಲು ಹಾಕುವುದು ಅನ್ನುತ್ತೇವೆ. ಒಳಕೋಣೆಯಲ್ಲಿ ತೀರಿಹೋದ ಒಬ್ಬೊಬ್ಬರಿಗೂ ಒಂದೊಂದು ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದು ಹೊರಗೆ ಕುಳಿತುಕೊಳ್ಳುತ್ತೇವೆ. ಸ್ವಲ್ಪ ಹೊತ್ತು ಕಳೆದು ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಎಲೆಯಲ್ಲಿದ್ದದ್ದನ್ನು ಆಮೇಲೆ ಮನೆಯವರು ಹಂಚಿಕೊಂಡು ಉಣ್ಣುತ್ತಾರೆ.

ದಿನೇಶನಿಗೆ ಎಲೆ ಹಾಕಬೇಕೋ ಬೇಡವೋ? ಸತ್ತವನಿಗೆ ಹಾಕದಿದ್ದರೆ ಅವನು ಹಸಿದುಕೊಂಡು ಹೊಸ್ತಿಲ ಹೊರಗೆ ನಿಂತಿರುತ್ತಾನೆ. ಬದುಕಿರುವವನಿಗೆ ಹಾಕಿದರೆ ಅವನ ಆಯುಷ್ಯಕ್ಕೇ ಕೊಡಲಿ. ಮಾಮ ಪ್ರತಿ ವರ್ಷ ಮೆಲ್ಲ ಕೇಳುತ್ತಿದ್ದರು, "ಅಕ್ಕ, ಈ ಸಲವಾದರೂ ಹುಡುಗನಿಗೆ..." ಅಮ್ಮ ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದಳು, "ನೀನು ಕಣ್ಣಾರೆ ನೋಡಿದೆಯಾ?" ಮಾಮ ತಲೆ ತಗ್ಗಿಸಿ ಇಲ್ಲ ಅನ್ನುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮ ಬೈದದ್ದಲ್ಲ. ಆದರೆ ಆ ಪ್ರಶ್ನೆ ಕೇಳಿಸಿಕೊಂಡ ಮೇಲೆ ಮಾಮ ಎರಡು ದಿನ ನಮ್ಮ ಮನೆ ಕಡೆ ಬರುತ್ತಿರಲಿಲ್ಲ.

ಇಷ್ಟು ಹಿಂದಿನದ್ದು. ಪುಸ್ತಕ ಬಂದದ್ದು ವಿನಯಾಳಿಂದ. ಮುರಿದ ಕಾಲನ್ನು ನೋಡಲು ಮೂಸಂಬಿ ಹಿಡಿದುಕೊಂಡು ಬಂದವಳು ಚೀಲದಿಂದ ಈ ಕಾದಂಬರಿ ತೆಗೆದು, "ಕರ್ಚೀಫು ಹತ್ತಿರ ಇಟ್ಟುಕೊಂಡು ಓದು" ಅಂದಳು. ನನಗೆ ಅಲ್ಲೇ ಸಿಟ್ಟು ಬಂತು. ಅಳಿಸುತ್ತೇನೆ ಎಂದು ಮೊದಲೇ ಹೇಳಿ ಬರುವ ಪುಸ್ತಕ ನನಗೆ ಬೇಡ. ಆದರೆ ಮಳೆಗೆ ಕರೆಂಟು ಹೋಗಿ ಮೊಬೈಲು ಸತ್ತು ಬಿದ್ದಿತ್ತು. ಎದುರಿಗೆ ಸಮುದ್ರ ಇಡೀ ದಿನ ಬೊಬ್ಬೆ ಹೊಡೆಯುತ್ತಿತ್ತು. ಮಾಡಲು ಬೇರೆ ಕೆಲಸವಿರಲಿಲ್ಲ.

ಕತೆ ಸಣ್ಣದು. ಒಂದು ಚಿಕ್ಕ ಸ್ಟೇಷನ್ನಿನ ಸ್ಟೇಷನ್ ಮಾಸ್ಟರ್, ಅವನ ಹೆಂಡತಿ, ಒಬ್ಬನೇ ಮಗ ರಘು. ಕಾಲೇಜಿಗೆ ಹೋಗುವ ರಘು ಜ್ವರ ಬಂದು ತಂದೆತಾಯಿಯ ಕಣ್ಣೆದುರೇ ತೀರಿಹೋಗುತ್ತಾನೆ. ಅದು ಮೊದಲ ಅಧ್ಯಾಯದಲ್ಲೇ ಮುಗಿಯುತ್ತದೆ. ಉಳಿದ ಪುಸ್ತಕವಿಡೀ ಆಮೇಲಿನ ಒಂದು ವರ್ಷ. ಗಂಡ ಹೆಂಡತಿ ಒಬ್ಬರೆದುರು ಒಬ್ಬರು ಮಗನ ಹೆಸರೆತ್ತುವುದಿಲ್ಲ. ಅಷ್ಟೇ. ನಾನು ಒಂದು ಬೆಳಗ್ಗೆ ಹಿಡಿದವಳು ಊಟಕ್ಕೆ ಕರೆದರೂ ಕೆಳಗಿಡಲಿಲ್ಲ.

"ಎಂತ ಉಂಟು ಅದರಲ್ಲಿ?" ಅಮ್ಮ ಕೇಳಿದಳು. "ಪರೀಕ್ಷೆಗೂ ಹೀಗೆ ಓದಿದವಳಲ್ಲ ನೀನು."

ಹೇಳಿದೆ. ಅಮ್ಮ ಕಾಲು ಚಾಚಿ ಗೋಡೆಗೆ ಒರಗಿ, "ನನಗೂ ಓದು" ಅಂದಳು. ಹಾಗೆ ಶುರುವಾಯಿತು. ಮಧ್ಯಾಹ್ನ ಉಂಡು ಅಮ್ಮ ಎಲೆಅಡಿಕೆ ಹಾಕಿಕೊಂಡ ಮೇಲೆ ನಾನು ಕನ್ನಡದಲ್ಲಿ ಓದಿಕೊಂಡು ತುಳುವಿನಲ್ಲಿ ಹೇಳುವುದು. ಮಾಮ ಜಗಲಿಯಲ್ಲಿ ಬಲೆ ಹರಡಿಕೊಂಡು ತಮಗೆ ಸಂಬಂಧವಿಲ್ಲ ಎಂಬಂತೆ ಬೆನ್ನು ಹಾಕಿ ಕೂರುತ್ತಿದ್ದರು. ಮಳೆ ಜೋರಾಗಿ ನನ್ನ ಸ್ವರ ಕೇಳಿಸದೆ ಹೋದರೆ ಅವರ ಕೈ ನಿಲ್ಲುತ್ತಿತ್ತು.

ಅಮ್ಮನಂಥ ಓದುಗರು ಆ ಲೇಖಕರಿಗೆ ಸಿಕ್ಕಿರಲಿಕ್ಕಿಲ್ಲ. ರಘು ತೀರಿಕೊಂಡ ಅಧ್ಯಾಯ ಮುಗಿದಾಗ ಅವಳ ಮೊದಲ ಪ್ರಶ್ನೆ, "ಆ ದಿವಸ ಗಂಜಿ ಯಾರು ಕೊಟ್ಟರು?"

"ಯಾರಿಗೆ?"

"ಆ ಮನೆಯವರಿಗೆ. ಸಾವಿನ ಮನೆಯಲ್ಲಿ ಒಲೆ ಉರಿಸುವುದುಂಟಾ? ನೆರೆಕರೆಯವರು ಕೊಡಬೇಕಲ್ಲ."

"ಬರೆಯಲಿಲ್ಲ ಅಮ್ಮ."

"ನೆರೆಕರೆಯೇ ಇಲ್ಲವಾ ಹಾಗಾದರೆ? ಎಂಥ ಊರು ಮಾರಾಯ್ತಿ ಅದು!"

ಹೆಂಡತಿ ಕಿಟಕಿಯ ಹತ್ತಿರ ನಿಂತು ಮಳೆ ನೋಡುವ ಪುಟಗಳು ಅದರಲ್ಲಿ ಬಹಳ ಉಂಟು. ಅಮ್ಮನಿಗೆ ಅದು ಹಿಡಿಸಲಿಲ್ಲ. "ಇವಳಿಗೆ ಮನೆಯಲ್ಲಿ ಕೆಲಸವಿಲ್ಲವಾ? ಪಾತ್ರೆ ಯಾರು ತೊಳೆಯುವುದು?" ಎಂದು ಕೇಳಿದಳು. ಆದರೆ ಮರುದಿನ ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದು ಗೋಡೆಗೆ ಒರಗಿದವಳೂ ಅವಳೇ. ಅಡುಗೆಮನೆಯಲ್ಲಿ ಮೀನು ಹೆಚ್ಚುವಾಗ ತನ್ನಷ್ಟಕ್ಕೇ, "ಪಾಪದ ಹೆಂಗಸು, ಗಂಡನ ಹತ್ತಿರವಾದರೂ ಮಾತಾಡಬೇಕಿತ್ತು" ಎಂದದ್ದು ನನಗೆ ಕೇಳಿಸಿತು.

ಆಮೇಲೆ ಆ ರೈಲಿನ ಅಧ್ಯಾಯ ಬಂತು. ರಘು ಕಾಲೇಜಿನಿಂದ ಬರುತ್ತಿದ್ದದ್ದು ಸಂಜೆಯ ಗಾಡಿಯಲ್ಲಿ. ಅವನು ಸತ್ತ ಮೇಲೂ ಆ ಗಾಡಿ ದಿನಾ ಬರುತ್ತದೆ. ಸ್ಟೇಷನ್ ಮಾಸ್ಟರ್ ಹಸಿರು ಬಾವುಟ ಹಿಡಿದು ನಿಲ್ಲುತ್ತಾನೆ. ಎಲ್ಲರೂ ಇಳಿದಾಗುತ್ತದೆ, ಹತ್ತುವವರು ಹತ್ತಿ ಮುಗಿಯುತ್ತದೆ. ಆದರೂ ಅವನು ಬಾವುಟ ಎತ್ತುವುದಿಲ್ಲ. ಇನ್ನೂ ಒಬ್ಬ ಇಳಿಯಲಿಕ್ಕೆ ಉಂಟು ಎಂಬಂತೆ ಒಂದು ಗಳಿಗೆ ಗಾಡಿಯನ್ನು ಹಿಡಿದು ನಿಲ್ಲಿಸುತ್ತಾನೆ. ದಿನಾ.

ಅಷ್ಟು ಹೇಳಿ ನಾನು ನಿಲ್ಲಿಸಿದೆ. ಪುಸ್ತಕ ಮಡಿಲಲ್ಲಿಟ್ಟು ಪ್ಲಾಸ್ಟರನ್ನು ನೋಡುತ್ತ ಕುಳಿತೆ. ಡೀಸೆಲ್ ಮುಗಿಯುವವರೆಗೆ ಒಂದೇ ನೀರಿನಲ್ಲಿ ಸುತ್ತಿದ ಬೋಟು ನನ್ನ ಕಣ್ಣ ಮುಂದೆ ಬಂದಿತ್ತು. ಜಗಲಿಯಲ್ಲಿ ಮಾಮನ ಕೈಯೂ ನಿಂತಿತ್ತು.

"ಆಮೇಲೆ?" ಅಮ್ಮ ಕೇಳಿದಳು.

"ಆಮೇಲೆ ಎಂತ... ಬಾವುಟ ತೋರಿಸುತ್ತಾನೆ. ಗಾಡಿ ಹೋಗುತ್ತದೆ."

ಅಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು ಬಂದು ಕುಳಿತಳು. "ತೋರಿಸಲೇಬೇಕಲ್ಲ" ಅಂದಳು. "ಗಾಡಿಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಅವರೂ ಮನೆ ಮುಟ್ಟಬೇಡವಾ?"

ಮಾಮ ಬಲೆಯನ್ನು ಅಲ್ಲೇ ಬಿಟ್ಟು ಎದ್ದು, ಕೊಡೆಯನ್ನೂ ಹಿಡಿಯದೆ ಮಳೆಯಲ್ಲಿ ಸಮುದ್ರದ ಕಡೆ ಹೋದರು. ಅಮ್ಮ ಯಾರನ್ನು ಉದ್ದೇಶಿಸಿ ಹೇಳಿದಳೋ ನನಗೆ ಗೊತ್ತಿಲ್ಲ. ಸ್ಟೇಷನ್ ಮಾಸ್ಟರನ ಬಗ್ಗೆಯೇ ಹೇಳಿರಬಹುದು. ಆದರೆ ಅಷ್ಟು ವರ್ಷ ಯಾರೂ ಮಾಮನಿಗೆ ಹೇಳದ ಮಾತು ಅದು. ನನಗೆ ಆ ಕ್ಷಣದಲ್ಲಿ ಅಮ್ಮನ ಮೇಲೆ ತುಂಬಾ ಪ್ರೀತಿ ಬಂತು. ಸಂಜೆ ಮಾಮ ಒದ್ದೆಯಾಗಿ ಬಂದವರು, ಒಂದು ಲೋಟ ಚಾ ಕುಡಿದು, "ನಾಳೆ ಎಷ್ಟು ಗಂಟೆಗೆ ಓದುವುದು?" ಎಂದು ಕೇಳಿದರು.

ಪುಸ್ತಕ ಮುಗಿಯುವಾಗ ಆಟಿ ಶುರುವಾಗಿತ್ತು. ಕೊನೆಯಲ್ಲಿ ಹೆಚ್ಚೇನೂ ಆಗುವುದಿಲ್ಲ. ವರ್ಷ ತುಂಬಿದ ದಿನ ಗಂಡ ಹೆಂಡತಿ ಪ್ಲಾಟ್‌ಫಾರಂನ ಬೆಂಚಿನಲ್ಲಿ ಪಕ್ಕ ಪಕ್ಕ ಕುಳಿತುಕೊಳ್ಳುತ್ತಾರೆ. ಹೆಂಡತಿ ಮೊದಲ ಬಾರಿಗೆ ರಘು ಎನ್ನುತ್ತಾಳೆ. ಗಂಡ ಹೂಂ ಎನ್ನುತ್ತಾನೆ. ಮುಗಿಯಿತು. ನನಗೆ ಬಹಳ ಹಿಡಿಸಿತು. ಅಮ್ಮ ಮಾತ್ರ ಇನ್ನೂ ಉಂಟು ಎಂಬಂತೆ ನನ್ನ ಮುಖ ನೋಡುತ್ತಲೇ ಇದ್ದಳು.

"ಅಷ್ಟೆಯಾ? ವರ್ಷ ತುಂಬಿತು ಅಂತೀಯಲ್ಲ. ಆ ಹುಡುಗನಿಗೆ ಒಂದು ತುತ್ತು ಇಡಲಿಲ್ಲವಾ?"

"ಬರೆಯಲಿಲ್ಲ ಅಮ್ಮ. ಅವರಲ್ಲಿ ಬೇರೆ ಕ್ರಮ ಇರಬಹುದು."

"ಯಾವ ಕ್ರಮದಲ್ಲಿ ಹೊಟ್ಟೆ ಇಲ್ಲ? ಒಂದು ವರ್ಷ ಇಬ್ಬರೂ ಕೂತು ಕೂತು ಬೇಸರ ಮಾಡಿದರು. ಹುಡುಗ ಹಸಿದುಕೊಂಡೇ ಇದ್ದಾನೆ." ಅಮ್ಮನಿಗೆ ನಿಜವಾಗಿ ಸಿಟ್ಟು ಬಂದಿತ್ತು.

ಎರಡು ದಿನ ಕಳೆದು ಅಗೆಲಿಗೆ ದಿನ ನೋಡಲು ಮಾಮ ಬಂದರು. ಒಂದು ಮಂಗಳವಾರ ಎಂದಾಯಿತು. ಕೋಳಿ ಎಲ್ಲಿಂದ, ಬಾಳೆಎಲೆ ಯಾರ ತೋಟದಿಂದ ಎಂದೆಲ್ಲ ಮಾತಾಯಿತು. ಪ್ರತಿ ವರ್ಷ ಈ ಹೊತ್ತಿಗೆ ಬರುತ್ತಿದ್ದ ಆ ಪ್ರಶ್ನೆಯನ್ನು ಮಾಮ ಈ ಸಲ ಕೇಳಲಿಲ್ಲ. ಎದ್ದು ಹೊರಟರು. ಆಗ ಅಮ್ಮ, "ಈ ವರ್ಷ ಒಂದು ಎಲೆ ಹೆಚ್ಚು ತಾ" ಅಂದಳು.

ಮಾಮ ಹೊಸ್ತಿಲಲ್ಲೇ ನಿಂತರು.

"ರಘುವಿಗೆ" ಅಂದಳು ಅಮ್ಮ.

"ಯಾವ ರಘು?"

"ಎಷ್ಟು ದಿವಸ ಕೂತು ಕೇಳಿದ್ದೀಯಲ್ಲ, ಯಾವ ರಘು ಅಂತ ಕೇಳ್ತೀಯಾ?"

ಮಾಮ ನನ್ನ ಮುಖ ನೋಡಿದರು. ನಾನು ಮಾಡಿನ ಹೆಂಚು ನೋಡಿದೆ. "ಅಕ್ಕ, ಅದು ಪುಸ್ತಕದ ಹುಡುಗ" ಎಂದರು ಮಾಮ. "ಕಾಗದದಲ್ಲಿ ಹುಟ್ಟಿ ಕಾಗದದಲ್ಲಿ ಸತ್ತವನು. ನಾಳೆ ಊರಿನವರು ಕೇಳಿದರೆ ಎಂತ ಹೇಳುವುದು?"

ಅಮ್ಮ ನನ್ನ ಕಡೆ ತಿರುಗಿದಳು. "ಶಶಿ, ಅವನು ಸತ್ತದ್ದು ಹೌದಲ್ಲ?"

"ಹೌದು."

"ನೋಡಿದವರು ಉಂಟಲ್ಲ?"

"ಉಂಟು. ತಂದೆತಾಯಿ ಪಕ್ಕದಲ್ಲೇ ಇದ್ದರು."

"ಮಣ್ಣು ಮಾಡಿದ್ದೋ ಸುಟ್ಟದ್ದೋ, ಒಂದು ಆಗಿದೆಯಲ್ಲ?"

"ಸುಟ್ಟದ್ದು ಅಂತ ಉಂಟು."

"ಹಾಗಾದರೆ ಇವನಿಗೆ ಎಲೆ ಹಾಕಬಹುದು. ತೊಂದರೆ ಇಲ್ಲ" ಎಂದು ಅಮ್ಮ ಅಡುಗೆಮನೆಗೆ ಹೋದಳು. ಆ ವಾದದಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಹುಡುಕುವ ಮನಸ್ಸೂ ಇರಲಿಲ್ಲ. ಈ ಮನೆಯಲ್ಲಿ ಧೈರ್ಯವಾಗಿ ಸತ್ತಿದ್ದಾನೆ ಎಂದು ಹೇಳಬಹುದಾದ ಪ್ರಾಯದ ಹುಡುಗ ಅವನೊಬ್ಬನೇ ಇದ್ದ.

ಮುಂದಿನ ರಗಳೆ ಊಟದ್ದು. ಅಗೆಲಿನಲ್ಲಿ ಅವರವರಿಗೆ ಇಷ್ಟವಾದದ್ದೇ ಬೀಳಬೇಕು. ನಮ್ಮ ಅಪ್ಪನಿಗೆ ಕೋಳಿ, ಅಜ್ಜಿಗೆ ಪತ್ರೊಡೆ. ರಘುವಿಗೆ? ನಾನು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ತಿರುವಿದೆ. ಹುಡುಗ ಏನು ಓದುತ್ತಿದ್ದ, ಯಾವ ಬಣ್ಣದ ಅಂಗಿ ಹಾಕುತ್ತಿದ್ದ, ಎಲ್ಲ ಉಂಟು. ಏನು ತಿನ್ನುತ್ತಿದ್ದ ಎಂದು ಒಂದು ಗೆರೆ ಇಲ್ಲ. ಮಾಮನಿಗೆ ಇನ್ನೊಂದು ಸಂಶಯ. "ಮೀನು ಮಾಂಸ ತಿನ್ನದವರಾದರೆ? ನಾವು ಕೋಳಿ ಬಡಿಸಿ ಅವನು ಹೊಟ್ಟೆ ತೊಳಸಿ ಎದ್ದುಹೋದರೆ?" ಪುಸ್ತಕದ ಹುಡುಗ ಎಂದು ತಗಾದೆ ಮಾಡಿದವರು ಈಗ ಅವನ ಜಾತಿ ಹುಡುಕುತ್ತಿದ್ದರು.

ಅಮ್ಮನ ಒತ್ತಾಯಕ್ಕೆ ವಿನಯಾಳಿಗೆ ಫೋನ್ ಮಾಡಿದೆ. ಸ್ಪೀಕರಿನಲ್ಲಿ ಹಾಕಿಸಿ ಅಮ್ಮನೇ ಕೇಳಿದಳು, "ಟೀಚರೇ, ಆ ಹುಡುಗ ಎಂತ ತಿಂತಾನೆ?"

ವಿನಯಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ಪಾಠದ ಸ್ವರದಲ್ಲಿ, "ಅದೆಲ್ಲ ಕಾದಂಬರಿಯಲ್ಲಿ ಬರಬೇಕು ಅಂತ ಇಲ್ಲ ಅಮ್ಮ. ಲೇಖಕರು ಬೇಕಾದದ್ದನ್ನು ಮಾತ್ರ ಬರೆಯುತ್ತಾರೆ" ಅಂದಳು.

"ಹೆತ್ತವಳಿಗೆ ಮೊದಲು ಬೇಕಾದದ್ದು ಅದೇ ಅಲ್ವಾ ಟೀಚರೇ?" ಎಂದಳು ಅಮ್ಮ. ಆ ಪ್ರಶ್ನೆಯನ್ನು ವಿನಯಾ ಆಮೇಲೆ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದಾಳಂತೆ.

ಕೊನೆಗೆ ಅಮ್ಮನೇ ತೀರ್ಮಾನ ಮಾಡಿದಳು. "ಆ ಪ್ರಾಯದ ಹುಡುಗರಿಗೆಲ್ಲ ಒಂದೇ ರುಚಿ. ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ." ನಾನೂ ಮಾಮನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪ್ರಪಂಚದ ಎಲ್ಲ ಹುಡುಗರ ವಿಷಯ ನನಗೆ ಗೊತ್ತಿಲ್ಲ. ಸಮುದ್ರದಿಂದ ಬಂದ ದಿನ ಬೇರೆ ಏನನ್ನೂ ಮುಟ್ಟದೆ ಗಂಜಿಗೆ ಒಣ ಸಿಗಡಿ ಚಟ್ನಿ ಕೇಳುತ್ತಿದ್ದವನು ನಮ್ಮ ದಿನೇಶ. ಅವನು ಹೋದ ಮೇಲೆ ಆ ಮನೆಯಲ್ಲಿ ಅದನ್ನು ಮಾಡಿರಲಿಲ್ಲ.

ಮಂಗಳವಾರ ಬೆಳಗ್ಗಿನಿಂದ ಮಳೆ ಒಂದೇ ಸವನೆ ಸುರಿಯಿತು. ನಾನು ಕಾಲು ಸ್ಟೂಲಿನ ಮೇಲಿಟ್ಟುಕೊಂಡು ತೆಂಗಿನಕಾಯಿ ತುರಿದೆ. ಅಮ್ಮ ಸಿಗಡಿಯ ತಲೆ ಬಾಲ ಮುರಿದು, ಹೆಂಚಿನಲ್ಲಿ ಹುರಿದಳು. ಹುರಿದ ಮೆಣಸು, ಹುಳಿ ಹಾಕಿ ಒರಳಿನಲ್ಲಿ ತರಿ ತರಿ ಅರೆದಳು. ಮನೆಯಿಡೀ ಆ ವಾಸನೆ. ಮಾಮ ಒಳಗೆ ಬಂದವರು ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಏನೋ ಮರೆತವರಂತೆ ಹೊರಗೆ ಹೋದರು. ಅಮ್ಮ ಚಟ್ನಿಯನ್ನು ನಾಲಿಗೆಗೆ ಮುಟ್ಟಿಸಲಿಲ್ಲ. ಸತ್ತವರಿಗೆ ಇಡುವುದನ್ನು ಮೊದಲು ರುಚಿ ನೋಡಬಾರದು. ಕೈ ಅಂದಾಜಿನಲ್ಲಿ ಇನ್ನೊಂದಿಷ್ಟು ಮೆಣಸು ಹಾಕಿದಳು.

ಒಳಕೋಣೆಯಲ್ಲಿ ಎಲೆಗಳನ್ನು ಹಾಕಿದ್ದಾಯಿತು. ಮನೆತನದವರ ಸಾಲಿನಲ್ಲಿ ಹೊರಗಿನ ಹುಡುಗನಿಗೆ ಜಾಗವಿಲ್ಲ ಎಂದು ಮಾಮ ರಘುವಿನ ಎಲೆಯನ್ನು ಬಾಗಿಲ ಪಕ್ಕದಲ್ಲಿ ಬೇರೆಯೇ ಹಾಕಿದರು. ಅಪ್ಪನಿಗೆ, ಅಜ್ಜಿಗೆ, ದೊಡ್ಡಮಾಮನಿಗೆ ಬಡಿಸಿ ಹೆಸರು ಹಿಡಿದು ಕರೆದರು. ಬಾಗಿಲ ಪಕ್ಕದ ಎಲೆಗೆ ಬಂದಾಗ ಅವರ ಸ್ವರ ಏಳಲಿಲ್ಲ. "ಅಕ್ಕ, ಇವನನ್ನು ನೀನೇ ಕರಿ" ಎಂದರು.

ಅಮ್ಮ ಮಂಡಿ ಹಿಡಿದುಕೊಂಡು ಕುಳಿತು ಗಂಜಿ ಬಡಿಸಿದಳು. ಪಕ್ಕದಲ್ಲಿ ಚಟ್ನಿ ಇಟ್ಟಳು. ಸ್ವಲ್ಪ ನೋಡಿ ಇನ್ನೊಂದು ಉಂಡೆ ಇಟ್ಟಳು. ನಾನು ಹೊಸ್ತಿಲ ಹೊರಗೆ ಕುರ್ಚಿಯಲ್ಲಿದ್ದೆ. ಏಲಂನಲ್ಲಿ ನೂರು ಜನರ ಮೇಲೆ ಕೇಳಿಸುತ್ತಿದ್ದ ಸ್ವರ ಅವತ್ತು ನನಗೇ ಕಷ್ಟದಲ್ಲಿ ಕೇಳಿಸಿತು.

"ರಘು ಮಗಾ, ಬಾ. ನಿನ್ನ ತಾಯಿಗೆ ತಿಳಿಯಲಿಲ್ಲ, ಬೇಸರ ಮಾಡಬೇಡ. ಹೊಟ್ಟೆ ತುಂಬ ಉಣ್ಣು." ಅಷ್ಟು ಹೇಳಿ ನಿಲ್ಲಿಸಿದಳು. ಕೈಯನ್ನು ಎಲೆಯ ಅಂಚಿನಿಂದ ತೆಗೆಯಲಿಲ್ಲ. "ಅಲ್ಲಿ ನಮ್ಮ ದಿನೇಶ ಅಂತ ಒಬ್ಬ ಇದ್ದರೆ ಅವನನ್ನೂ ಕರೆದುಕೊಂಡು ಬಾ. ಅವನಿಗೆ ಇದು ಇಷ್ಟ. ಅವನು ಅಲ್ಲಿ ಇಲ್ಲದಿದ್ದರೆ... ಇಲ್ಲದಿದ್ದರೆ ಒಳ್ಳೆಯದೇ ಆಯಿತು."

ಮಾಮ ಅವಳ ತೋಳು ಹಿಡಿದು ಎಬ್ಬಿಸಿದರು. ಬಾಗಿಲು ಎಳೆದುಕೊಂಡರು. ಮೂವರೂ ಹೊರಗೆ ಕುಳಿತೆವು. ಆ ಹೊತ್ತಿನಲ್ಲಿ ಮಾತಾಡುವ ಕ್ರಮವಿಲ್ಲ. ಮಾಡಿನ ನೀರು ಅಂಗಳದ ಬಕೆಟಿಗೆ ಬೀಳುತ್ತಿತ್ತು. ಒಳಗಿನಿಂದ ಚಟ್ನಿಯ ವಾಸನೆ ಬರುತ್ತಲೇ ಇತ್ತು. ನಾನು ಬಾಗಿಲನ್ನೇ ನೋಡುತ್ತ ಕುಳಿತೆ. ಯಾರೂ ಬರಬಾರದು ಎಂದೂ ಅನಿಸುತ್ತಿತ್ತು, ಬಂದು ಉಣ್ಣಲಿ ಎಂದೂ ಅನಿಸುತ್ತಿತ್ತು. ಎರಡೂ ನಿಜ.

ಮಾಮ ಎದ್ದು ಬಾಗಿಲು ತಟ್ಟಿ ತೆರೆದರು. ಅಮ್ಮ ಬೇರೆ ಎಲೆಗಳ ಕಡೆ ನೋಡಲಿಲ್ಲ. ಬಾಗಿಲ ಪಕ್ಕದ ಎಲೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಇಬ್ಬರು ಉಂಡ ಹಾಗೆ ಉಂಟು" ಅಂದಳು.

ಮಾಮ ಗೋಡೆಗೆ ಕೈ ಕೊಟ್ಟು ನಿಂತರು. ನಾನು ಊರುಗೋಲು ಊರಿ ಹೊಸ್ತಿಲವರೆಗೆ ಹೋಗಿ ನೋಡಿದೆ. ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಎರಡು ಉಂಡೆ ಚಟ್ನಿ, ಗಂಜಿಯ ಮೇಲೆ ಕೆನೆ ಕಟ್ಟಿತ್ತು.

"ಹೌದು ಅಮ್ಮ" ಎಂದೆ. "ಇಬ್ಬರು."

ಆಮೇಲೆ ಅಮ್ಮ ಅತ್ತಳು. ಅಷ್ಟು ವರ್ಷದ್ದು ಒಟ್ಟಿಗೆ ಬಂತು. ಮಾಮನೂ ಅತ್ತರು. ಅತ್ತು ಮುಗಿದ ಮೇಲೆ ಅಮ್ಮ ಮುಖ ತೊಳೆದು ಬಂದು ಆ ಎಲೆಯನ್ನು ಮಾಮನ ಮುಂದೆ ಇಟ್ಟು, "ನೀನು ಉಣ್ಣು" ಅಂದಳು. ಮಾಮ ಒಂದು ಅಗಳು ಬಿಡದೆ ಉಂಡರು. ನನಗೂ ಒಂದು ಉಂಡೆ ಚಟ್ನಿ ಸಿಕ್ಕಿತು. ಉಪ್ಪು ಸ್ವಲ್ಪ ಮುಂದಾಗಿತ್ತು.

ಆಟಿ ಕಳೆಯಿತು. ಬೋಟುಗಳು ಕಡಲಿಗೆ ಇಳಿದವು. ಪ್ಲಾಸ್ಟರ್ ತೆಗೆದ ಮೇಲೆ ನಾನು ಕಾರ್ಕಳಕ್ಕೆ ಬಂದು ಪುಸ್ತಕವನ್ನು ವಿನಯಾಳಿಗೆ ಕೊಟ್ಟೆ. ಎರಡು ಪುಟಗಳಿಗೆ ಚಟ್ನಿಯ ಎಣ್ಣೆ ಹಿಡಿದಿತ್ತು. ಮರುವರ್ಷ ಮಾಮ ಕೇಳುವ ಮೊದಲೇ ಅಮ್ಮ ದಿನೇಶನಿಗೆ ಒಳಗೆ, ಅಪ್ಪನ ಪಕ್ಕದಲ್ಲಿ, ಎಲೆ ಹಾಕಿಸಿದಳು. ಕರೆದದ್ದು ಮಾಮ, ಸ್ವರ ಸರಿಯಾಗಿ ಎದ್ದಿತು. ಬಾಗಿಲ ಪಕ್ಕದಲ್ಲಿ ರಘುವಿಗೂ ಒಂದು ಎಲೆ ಇತ್ತು. ದಾರಿ ತೋರಿಸಿದವನನ್ನು ಬಿಡಲಿಕ್ಕೆ ಆಗುತ್ತದಾ ಎಂದು ಅಮ್ಮ ಹೇಳಿದಳು. ಈಗ ಪ್ರತಿ ವರ್ಷ ಹಾಕುತ್ತಾರೆ. ಆ ಮರುವರ್ಷದ ಅಗೆಲಿನ ದಿನವೇ ಅವಳು ನನ್ನನ್ನು ಕರೆದು, "ಇನ್ನು ಆ ನಂಬರಿಗೆ ರೀಚಾರ್ಜ್ ಹಾಕುವುದು ಬೇಡ ಮಗಾ" ಅಂದಳು. ನಾನು ಆಯಿತು ಅಂದೆ.

ಮೊನ್ನೆ ಭಾನುವಾರ ಬಸ್ಸಿನಲ್ಲಿ ವಿನಯಾ ಬೈದು ಬೈದು ಸುಸ್ತಾಗಿ ಕಿಟಕಿಗೆ ಒರಗಿದ್ದಳು. ನನ್ನ ಮೊಬೈಲು ಟಣ್ ಎಂದಿತು. ಪ್ಲಾನ್ ನಾಳೆಗೆ ಮುಗಿಯುತ್ತದೆ ಎಂದು ನೆನಪಿಸಿತು. ತೆಗೆದು ರೀಚಾರ್ಜ್ ಮಾಡಿದೆ.

"ಯಾರದ್ದು ಮಾರಾಯ್ತಿ?" ವಿನಯಾ ಕಣ್ಣು ಬಿಡದೆಯೇ ಕೇಳಿದಳು.

"ತಮ್ಮನದ್ದು" ಎಂದೆ.